ಕಾರಿನ ಹೊಟ್ಟೆಗೆ ಎಣ್ಣೆ

ಆಯುಧಪೂಜೆಯ ದಿನ ನನ್ನ ಕಾರಿನ ಮುಖಕ್ಕೆ ಅರಿಶಿನ ಕುಂಕುಮ ಹಚ್ಚುತ್ತೇನೆ, ಹಾರ ಹಾಕುತ್ತೇನೆ, ಚಕ್ರಕ್ಕೆ ನಿಂಬೆಹಣ್ಣನ್ನೂ ಕೊಡುತ್ತೇನೆ. ಅದಕ್ಕೊಂದು ಹೊಟ್ಟೆಯೂ ಇದೆ ಎಂಬುದು ಕಳೆದ ಭಾನುವಾರದವರೆಗೆ ನನಗೆ ಹೊಳೆದೇ ಇರಲಿಲ್ಲ.

ಹಿಂದಿನವರು ಜಾಣರು. ಎತ್ತಿನ ಗಾಡಿಯ ಅಡಿಯಲ್ಲೇ ಕೀಲೆಣ್ಣೆಯ ಬಿದಿರು ಗೊಟ್ಟ ನೇತುಹಾಕಿಕೊಂಡು ಊರೂರು ತಿರುಗಿದರು. ದೇವಸ್ಥಾನ ಕಟ್ಟಿದವರು ಕೂಡ ಆನೆಗಳನ್ನು ಕೆತ್ತಿದ್ದು ತಳದ ಪಟ್ಟಿಕೆಯಲ್ಲಿ. ನಾವೋ, ಕಾಣುವ ಬಣ್ಣಕ್ಕೆ ಪಾಲಿಶ್ ಮಾಡಿಸಿ, ಕಾಣದ ಅಡಿಯನ್ನು ಕಡಬದ ಕೆರೆ ಏರಿ ರಸ್ತೆಯ ಕೆಸರಿಗೆ ಒಪ್ಪಿಸಿದ್ದೇವೆ.

ಚೇಳೂರಿನ ನಮ್ಮ ಭಾವ ಈ ವಿಷಯದಲ್ಲಿ ಹಿಂದಿನವರ ಕಡೆ. ಅಡಿಗೆ ಹಳೆಯ ಎಂಜಿನ್ ಆಯಿಲ್ ಬಳಿದರೆ ತುಕ್ಕು ಹತ್ತಿರ ಸುಳಿಯುವುದಿಲ್ಲ ಎಂಬುದು ಅವರ ಸಿದ್ಧಾಂತ. ಆ ಭಾನುವಾರ ಅವರ ಮನೆಯ ಕೊಂಚ ಇಳಿಜಾರಾದ ಅಂಗಳದಲ್ಲಿ ನನ್ನ ಕಾರಿಗೆ ಜಾಕಿ ಕೊಟ್ಟು ಎತ್ತಿದರು. ಚಕ್ರ ಉರುಳದಂತೆ ಕಲ್ಲು ಇಡಬೇಕು. ತೆಂಗಿನ ಸೀಮೆಯವರಲ್ಲವೇ, ಕೈಗೆ ಸಿಕ್ಕ ಸುಲಿಯದ ಕಾಯಿಗಳನ್ನೇ ಚಕ್ರಕ್ಕೆ ಒತ್ತು ಕೊಟ್ಟರು.

"ಭಾವ, ಕಾಯಿ ಗುಂಡಗಿದೆಯಲ್ಲ?" ಎಂದೆ.

"ಓದಿದೋರ್ಗೆ ಎಲ್ಲಾದ್ರಲ್ಲೂ ಅನುಮಾನ ಕಣಯ್ಯ," ಎಂದು ಗೋಣಿಚೀಲ ಹಾಸಿ ಕಾರಿನಡಿ ನುಸುಳಿದರು. ಓದಿದ ನಾನು ಆಯಿಲ್ ಡಬ್ಬವನ್ನು ಅವರ ಪಕ್ಕಕ್ಕೆ ಸರಿಸಿಕೊಟ್ಟೆ.

ಅಷ್ಟರಲ್ಲಿ ಅಕ್ಕ ಬಂದಳು. "ರೀ, ಮೊನ್ನೆ ತಂದ ಶರ್ಟ್ ಹಾಕ್ಕೊಂಡೇ ಹೊರಳಾಡ್ತಿದೀರಾ? ಬಿಚ್ಚಾಕಿ ಮೊದ್ಲು!"

"ಬುಡೇ, ಇನ್ನೊಂಚೂರು ಐತೆ."

"ಬಿಚ್ತೀರೋ, ಕಾಲು ಹಿಡಿದು ಎಳೀಲೋ?"

ಭಾವ ಗೊಣಗುತ್ತಾ ಹೊರಬಂದು ಶರ್ಟಿನ ಗುಂಡಿಗೆ ಕೈ ಹಾಕಿದರು. ಕಾಯಿಯೊಂದು ಪಕ್ಕಕ್ಕೆ ಉರುಳಿತು. ಕಾರು ಹಿಂದೆ ಸರಿಯಿತು, ಜಾಕಿ ಮಗುಚಿತು, ಕಾರು ಧೊಪ್ಪೆಂದು ಕುಸಿಯಿತು. ಈಗಷ್ಟೇ ಭಾವನ ಎದೆಯ ಪಕ್ಕದಲ್ಲಿದ್ದ ಆಯಿಲ್ ಡಬ್ಬ ಅಪ್ಪಚ್ಚಿಯಾಗಿತ್ತು. ಕಪ್ಪು ಎಣ್ಣೆ ನಿಧಾನವಾಗಿ ನಮ್ಮ ಕಾಲ ಬಳಿ ಹರಿದು ಬಂತು.

ನನ್ನ ಕಾರಿನ ಹೊಟ್ಟೆಗೆ ಇನ್ನು ಪಟ್ಟಣದ ಶಿರಾ ಗೇಟಿನ ವರ್ಕ್‌ಶಾಪೇ ಗತಿ. ಅಲ್ಲಿ ಗಾಡಿ ಎತ್ತಿ ಹಿಡಿಯಲು ಕಬ್ಬಿಣದ ಕಂಬಗಳಿವೆ. ಆದರೂ ಕಣ್ಣು ಮುಚ್ಚಿದರೆ ಆ ಕಾಯಿ ಉರುಳುತ್ತದೆ. ಭಾವ ಹೊರಬರುವುದು ಒಮ್ಮೊಮ್ಮೆ ತಡವಾಗುತ್ತದೆ.

ಅವತ್ತು ಅಕ್ಕ ಬೈಯುವುದನ್ನೇ ನಿಲ್ಲಿಸಿಬಿಟ್ಟಳು. ಊಟಕ್ಕೆ ಕೂತ ಭಾವ ಸಾರು ಚೆಲ್ಲಿದರು, ಬೈಯಲಿಲ್ಲ. ಲೋಟ ಬೀಳಿಸಿದರು, ಎತ್ತಿಟ್ಟಳು. ಕಾರು ಬಿದ್ದದ್ದಕ್ಕಿಂತ ಇದಕ್ಕೇ ಭಾವ ಹೆಚ್ಚು ಹೆದರಿದಂತಿತ್ತು. ಸಂಜೆ, ಬೇಕೆಂದೇ ಇರಬಹುದು, ಅಂಗಳದ ಎಣ್ಣೆ ಮೆತ್ತಿದ ಕಾಲಲ್ಲೇ ಆಗಷ್ಟೇ ಒರೆಸಿದ ನಡುಮನೆಯನ್ನು ದಾಟಿದರು.

"ಕಣ್ಣು ಕಾಣಾಕಿಲ್ವಾ ನಿಮ್ಗೆ? ಈಗಿನ್ನೂ ಒರೆಸಿದೀನಿ!" ಅಕ್ಕನ ದನಿ ಮನೆಯೆಲ್ಲ ತುಂಬಿ, ಕೊನೆಯಲ್ಲಿ ಒಡೆಯಿತು.

ಭಾವ ಗೋಡೆಗೊರಗಿ, ಕಣ್ಣು ಮುಚ್ಚಿ, ಸಂಗೀತ ಕಚೇರಿ ಕೇಳಲು ಕೂತವರ ಹಾಗೆ ಪೂರ್ತಿ ಬೈಸಿಕೊಂಡರು.