ಇಳಿಜಾರಿಲ್ಲದ ಕಂಪ್ಲಿ ದಾರಿ

ಕಳೆದ ವಾರ ಹೊಸಪೇಟೆಯ ಗ್ಯಾರೇಜೊಂದರಲ್ಲಿ ನನ್ನ ಕಾರಿನ ಸರದಿಗೆ ಕಾಯುತ್ತಾ ಕೂತಿದ್ದೆ. ಪಕ್ಕದ ಗಾಡಿಯ ಗೇರ್‌ಬಾಕ್ಸಿನಿಂದ ಹಳೆ ಎಣ್ಣೆ ಇಳಿಸುತ್ತಿದ್ದರು. ಒಗ್ಗರಣೆ ಸೀದಂಥ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ನನಗೆ ಹೊಸದಲ್ಲ. ಅದರ ಬೆನ್ನಿಗೇ ಅತ್ತೆ ನೆನಪಾದಳು... ನಮ್ಮ ಸೋದರಮಾವನ ಹೆಂಡತಿ. ಅವಳು ಹೋಗಿ ಇನ್ನೂ ವರ್ಷ ತುಂಬಿಲ್ಲ.

ನಾನಾಗ ಇನ್ನೂ ಹುಡುಗಿ. ಅದು ಕಬ್ಬಿಣದ ಅದಿರಿನ ಕಾಲ. ಸಂಡೂರಿನ ಗುಡ್ಡಗಳು ಕರಗಿದಷ್ಟೂ ಹೊಸಪೇಟೆಯ ಮನೆಗಳ ಮುಂದೆ ದೊಡ್ಡ ದೊಡ್ಡ ಗಾಡಿಗಳು ಬಂದು ನಿಂತವು. ನಮ್ಮ ಪಕ್ಕದ ಮನೆಯೇ ಮಾವನದು. ಲಾರಿ ಓಡಿಸಿಯೇ ಮೇಲೆ ಬಂದವನು, ಸ್ವಂತ ಲಾರಿಗಳಾದ ಮೇಲೆ ಒಂದು ಬಿಳಿ ಎಸ್‌ಯುವಿ ತಂದ. ಆಟೋಮ್ಯಾಟಿಕ್, ಗೇರು ತಾನಾಗಿಯೇ ಬದಲಾಗುವಂಥದ್ದು. ಓಣಿಯವರೆಲ್ಲ ಅದನ್ನು ‘ಗೇರಿಲ್ಲದ ಗಾಡಿ’ ಎಂದೇ ಕರೆದರು. ತಿಂಗಳೊಪ್ಪತ್ತಿನಲ್ಲಿ ಬಿಳಿ ಹೋಗಿ ಅದಿರಿನ ಬಣ್ಣಕ್ಕೆ ತಿರುಗಿತ್ತು, ಆ ಮಾತು ಬೇರೆ.

ಅತ್ತೆ ಅದನ್ನು ಓಡಿಸಲು ಕಲಿಯುತ್ತಾಳೆಂದು ಮಾತ್ರ ಯಾರೂ ಅಂದುಕೊಂಡಿರಲಿಲ್ಲ. ಕ್ಲಚ್ ಇಲ್ಲವಲ್ಲ, ಎಡಗಾಲನ್ನು ಸೀಟಿನ ಮೇಲೆ ಮಡಚಿಟ್ಟುಕೊಂಡು, ರೊಟ್ಟಿ ಬಡಿಯಲು ಕೂತವಳಂತೆ ನಿರಾಳವಾಗಿ ಓಡಿಸುತ್ತಿದ್ದಳು. “ಒಂದ ಕಾಲಿನ ಕೆಲಸ ನೋಡವ್ವಿ ಇದು. ಇನ್ನೊಂದು ಕಾಲಿಗೆ ರಜಾ,” ಎಂದು ನಗುತ್ತಿದ್ದಳು. ಅವಳು ಹೋಗುತ್ತಿದ್ದದ್ದು ಒಂದೇ ಕಡೆ, ಕಂಪ್ಲಿಯ ತವರಿಗೆ. ಅದಕ್ಕೆ ಮೊದಲು ತವರಿಗೆ ಹೋಗಬೇಕೆಂದರೆ ಮಾವನ ಮುಖ ನೋಡಿಕೊಂಡು ಕೇಳಬೇಕಿತ್ತು. ‘ನೋಡೂಣು’ ಅನ್ನುವುದು ಅವನ ಉತ್ತರ. ಆ ನೋಡೂಣು ಹಬ್ಬ ದಾಟಿ ಇನ್ನೊಂದು ಹಬ್ಬದವರೆಗೂ ಎಳೆಯುತ್ತಿತ್ತು... ಕೀಲಿ ಕೈಗೆ ಬಂದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಕಾಲುವೆ, ಗದ್ದೆ, ಕಬ್ಬು ನೋಡುತ್ತಾ ನಾನೂ ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ಅವಳು ಹಾಗೆ ಖುಷಿಯಾಗಿದ್ದನ್ನು ಆ ಮನೆಯೊಳಗೆ ನಾನೆಂದೂ ನೋಡಿರಲಿಲ್ಲ.

ಆಮೇಲೆ ಗಾಡಿಗೆ ರೋಗ ಹತ್ತಿತು. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಎಂಜಿನ್ ಸುಮ್ಮನೆ ಅರಚುವುದು, ಗಾಡಿ ಎಳೆಯದು, ಕಡೆಗೆ ಯಾರೋ ಹಿಂದಿನಿಂದ ಒದ್ದಂತೆ ಧಡಕ್ಕನೆ ಜಿಗಿಯುವುದು. ರಿವರ್ಸ್ ಹಾಕಿದರೆ ಯೋಚನೆ ಮಾಡಿ ಕದಲುವುದು. ಊರಿನ ಗ್ಯಾರೇಜಿನವರು ಡೀಸೆಲ್ ಫಿಲ್ಟರ್ ಬದಲಿಸಿದರು, ಎಂಜಿನ್ ಕೂರಿಸಿದ ರಬ್ಬರುಗಳನ್ನು ಬದಲಿಸಿದರು. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಹುಬ್ಬಳ್ಳಿಯಿಂದ ಒಬ್ಬ ಮೆಕ್ಯಾನಿಕ್ ಬಂದ.

ಎಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು, ಬಟ್ಟೆಗೆ ಒರೆಸಿ, ಮೂಸಿ, ನಮಗೂ ತೋರಿಸಿದ. ಕೆಂಪಗಿರಬೇಕಾದ ಎಣ್ಣೆ ಕಪ್ಪಾಗಿತ್ತು. ಆಗಲೇ ಆ ಸೀದ ವಾಸನೆ ನನಗೆ ಮೊದಲ ಸಲ ಬಡಿದದ್ದು.

“ಇಳಿಜಾರಿನ್ಯಾಗ ಡೀಸೆಲ್ ಉಳಸಾಕ ನ್ಯೂಟ್ರಲ್ ಹಾಕಿ ಬಿಡ್ತೀರೇನ್ರೀ?” ಎಂದು ಕೇಳಿದ. “ಲಾರಿಯವ್ರು ಹಂಗ ಮಾಡ್ತಾರ. ಈ ಗಾಡಿಗೆ ಅದು ಬ್ಯಾಡ್ರೀ, ಒಳಗಿನ ಪ್ಲೇಟ್ ಸುಡ್ತಾವ.”

ಮಾವ ತಡಮಾಡಲಿಲ್ಲ. “ಇಕಿ ಹಾಕಿರ್ತಾಳ. ಹೆಂಗಸ್ರ ಕೈಯಾಗ ಗಾಡಿ ಕೊಟ್ರ ಇನ್ನೇನ ಆಗತೈತಿ?”

ಹೊಸಪೇಟೆಯಿಂದ ಕಂಪ್ಲಿಗೆ ಇಳಿಜಾರೆಲ್ಲಿದೆ? ದಾರಿಯುದ್ದಕ್ಕೂ ಸಮತಟ್ಟು. ಆ ಗಾಡಿಯಲ್ಲಿ ಸಂಡೂರಿನ ಘಾಟಿ ಹತ್ತಿ ಇಳಿಯುತ್ತಿದ್ದವನು ಮಾವನೊಬ್ಬನೇ. ನಾನು ಹಾಗೆಂದು ಬಾಯಿಬಿಟ್ಟು ಹೇಳಿಯೂ ಹೇಳಿದೆ. “ನೀ ಸುಮ್ನಿರ, ದೊಡ್ಡಾಕಿ ಆಗಬ್ಯಾಡ,” ಎಂದು ಅವ್ವ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಅತ್ತೆ ಸೊಂಟಕ್ಕೆ ಸಿಗಿಸಿಕೊಂಡಿದ್ದ ಕೀಲಿ ತೆಗೆದು ಬಾನೆಟ್ಟಿನ ಮೇಲಿಟ್ಟು, ಮೆಕ್ಯಾನಿಕ್‌ಗೆ ಚಹಾ ಮಾಡಲು ಒಳಗೆ ಹೋದಳು.

ಗಾಡಿ ರಿಪೇರಿಯಾಯಿತು. ಕೀಲಿ ಮಾವನ ಜೇಬು ಸೇರಿದ್ದು ಮತ್ತೆ ಹೊರಗೆ ಬರಲಿಲ್ಲ. ಕಂಪ್ಲಿಯಲ್ಲಿ ಮದುವೆಯಾದರೂ ನೋಡೂಣು, ಸಾವಾದರೂ ನೋಡೂಣು. ನಾನು ದುಡಿದು ಕಾರು ಕೊಂಡಾಗ ಮೊದಲು ಅವಳನ್ನೇ ಸ್ಟೇರಿಂಗಿನ ಮುಂದೆ ಕೂರಿಸಲು ಹೋದೆ. “ಬ್ಯಾಡವ್ವಿ, ಕಾಲು ಮರ್ತೈತಿ,” ಎಂದಳು. ಸಾಯುವ ಮುಂಚೆ ಹಾಸಿಗೆಯಲ್ಲಿ ಎಡಗಾಲು ಮಡಚಿಕೊಂಡೇ ಮಲಗಿರುತ್ತಿದ್ದಳು... ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯುವುದೂ ಬೇಡ.

ಗ್ಯಾರೇಜಿನಿಂದ ಕಾರು ಬಂದ ಮಾರನೆಯ ದಿನ, ಅವ್ವನ ಕಾಟಕ್ಕೆ, ಮಾವನನ್ನು ಸಂಡೂರಿಗೆ ಕರೆದುಕೊಂಡು ಹೋದೆ. ಲಾರಿಗಳು ಹೋಗಿ ಎಷ್ಟೋ ವರ್ಷವಾಗಿದೆ, ಅವನಿಗೆ ಕಣ್ಣೂ ಮಂಜು. ನನ್ನದೂ ಗೇರಿಲ್ಲದ ಗಾಡಿಯೇ. ಘಾಟಿಯ ಇಳಿಜಾರು ಬಂದದ್ದು ಅವನ ಮೈಗೆ ಗೊತ್ತಾಯಿತು.

“ಇಳುಕಲ ಬಂತು ನೋಡವ್ವಾ,” ಎಂದ ಪ್ರೀತಿಯಿಂದ. “ನ್ಯೂಟ್ರಲ್ ಹಾಕಿ ಬಿಡು. ನಾ ಯಾವತ್ತೂ ಹಂಗ ಬಿಡ್ತಿದ್ದೆ.”

ಅಂದು ತಪ್ಪನ್ನು ಅತ್ತೆಯ ಮೇಲೆ ಹಾಕಿದ್ದು ಅವನಿಗೆ ನೆನಪೇ ಇರಲಿಲ್ಲ. ಆ ಮಾತು ಕೇಳಬೇಕಾದವಳು ಹಿಂದಿನ ಸೀಟಿನಲ್ಲಿ ಇರಲಿಲ್ಲ. ನಾನು ಗೇರು ಮುಟ್ಟದೆ ಘಾಟಿ ಇಳಿಸಿದೆ.