ಲತ ಕೊಟ್ಟ ಮಾತ್ರೆ

ಬೂಕನಕೆರೆಯಿಂದ ಮೂರು ಮೈಲಿ ಒಳಗಿರುವ ಹಳ್ಳಿಯೊಂದರಲ್ಲಿ 1992ರಲ್ಲಿ ಹೆಂಗಸರ ಹಾಲಿನ ಸಂಘ ಶುರುವಾಯಿತು. ಹಾಲು ಅಳೆದು, ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುವ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಓದಿದ ಹೆಣ್ಣುಮಗಳು ಬೇಕಿತ್ತು. ಊರಿನಲ್ಲಿ ಅಂಥವರು ಇಬ್ಬರೇ ಇದ್ದರು. ಒಬ್ಬಳಿಗೆ ನಾಗಮಂಗಲದ ಕಡೆ ಮದುವೆ ಗೊತ್ತಾಗಿತ್ತು. ಉಳಿದವಳು ಚಿಕ್ಕಬೀರಯ್ಯನ ಮಗಳು ಲತ. ಆಗ ಅವಳಿಗೆ ಇಪ್ಪತ್ತೆರಡು.

ಲತ ಕೆಲಸವನ್ನು ಚೆನ್ನಾಗಿಯೇ ಮಾಡಿದಳು. ಬೆಳಿಗ್ಗೆ ಆರಕ್ಕೆ ಡೈರಿಯ ಬಾಗಿಲು ತೆಗೆಯುವಳು, ಸಂಜೆ ಐದಕ್ಕೆ ಮತ್ತೆ. ನೀರು ಬೆರೆಸಿದ ಹಾಲು ಯಾರದೇ ಆಗಲಿ, ವಾಪಸು. ಸಂಘದ ಅಧ್ಯಕ್ಷೆ ಪುಟ್ಟತಾಯಮ್ಮ ಊರಿನ ದೊಡ್ಡ ಹಿಡುವಳಿಯ ಮನೆಯವರು. ಅವರ ಮನೆಯ ಹಾಲನ್ನೂ ಒಂದು ದಿನ ವಾಪಸು ಕಳಿಸಿದಳು. ಪುಟ್ಟತಾಯಮ್ಮ ಆವತ್ತು ಸಿಟ್ಟಾದರು, ಮಾರನೆಯ ದಿನದಿಂದ ಅವಳನ್ನು ನಂಬತೊಡಗಿದರು.

ತಿಂಗಳಿಗೊಮ್ಮೆ ಮಾತ್ರ ಲತ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮೈನೆರೆದಾಗಿನಿಂದಲೂ ಅವಳ ಮುಟ್ಟು ಒಂಬತ್ತು ಹತ್ತು ದಿನದ್ದು. ಬಟ್ಟೆಯ ಮೇಲೆ ಬಟ್ಟೆ ಇಟ್ಟರೂ ನಿಲ್ಲದಷ್ಟು ರಕ್ತ. ಕಡು ಬಣ್ಣದ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರುತ್ತಿರಲಿಲ್ಲ. ತಾಯಿ ಬೀರಮ್ಮನಿಗೆ ಇದೆಲ್ಲ ಗೊತ್ತಿತ್ತು. "ಮದ್ವೆ ಆದ್ರೆ ಎಲ್ಲ ಸರ್ಯೋಯ್ತದೆ ಕಣಮ್ಮಿ" ಎನ್ನುವಳು. ಬಂದ ಗಂಡುಗಳು, ಹುಡುಗಿ ಬಿಳಿಚಿಕೊಂಡಿದ್ದಾಳೆ, ಏನೋ ಕಾಯಿಲೆ ಇರಬೇಕು ಎಂದು ಹೋಗುತ್ತಿದ್ದವು.

1994ರ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಲತ ಹಾಲಿನ ಕ್ಯಾನಿನ ಪಕ್ಕದಲ್ಲೇ ಬಿದ್ದಳು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಎತ್ತಿ ಕೂರಿಸಿದಾಗ ಅವಳ ಸೀರೆಯ ಹಿಂಬದಿ ಪೂರ್ತಿ ನೆನೆದಿತ್ತು. ಪುಟ್ಟತಾಯಮ್ಮ ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅವಳನ್ನೂ ಬೀರಮ್ಮನನ್ನೂ ಕರೆದುಕೊಂಡು, ತಮಗೆ ಗೊತ್ತಿದ್ದ ಹೆಂಗಸು ಡಾಕ್ಟರ ಹತ್ತಿರ ಪಾಂಡವಪುರಕ್ಕೆ ಹೋದರು.

ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆಗೆ ಕಳಿಸಿದರು. ಹಿಮೋಗ್ಲೋಬಿನ್ ಹನ್ನೆರಡಿರಬೇಕಾದ ಕಡೆ ಆರು ಇತ್ತು. ಮೈಸೂರಿಗೆ ಹೋಗಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದರು. ಗರ್ಭಕೋಶದಲ್ಲಿ ಗೆಡ್ಡೆ ಏನೂ ಇರಲಿಲ್ಲ. ಎರಡನೇ ಸಲ ಹೋದಾಗ ಡಾಕ್ಟರು ಕಬ್ಬಿಣದ ಮಾತ್ರೆಯ ಜೊತೆಗೆ ಇನ್ನೊಂದು ಹಾಳೆ ಮಾತ್ರೆ ಮೇಜಿನ ಮೇಲಿಟ್ಟರು. ಅದರಲ್ಲಿ ಇಪ್ಪತ್ತೊಂದು ಬಿಳಿ ಗುಳಿಗೆ, ಏಳು ಕಂದು ಗುಳಿಗೆ.

ಬೀರಮ್ಮ ಆ ಹಾಳೆಯನ್ನು ಗುರುತಿಸಿದಳು. ಊರಿಗೆ ಬರುವ ನರ್ಸಮ್ಮ ಅಂಥದ್ದನ್ನೇ ಹಂಚುತ್ತಿದ್ದರು.

"ಇದು ಮಕ್ಳಾಗ್ದಂಗೆ ಮಾಡೋ ಮಾತ್ರೆ ಅಲ್ವರಾ? ಮದ್ವೆ ಆಗ್ದಿರೋ ಎಣ್ಣಿಗೆ ಇದ್ಯಾಕವ್ವ?"

"ಮದುವೆ ಆಗಿದೆಯೋ ಇಲ್ಲವೋ ಅಂತ ಮಾತ್ರೆಗೆ ಗೊತ್ತಾಗೋದಿಲ್ಲಮ್ಮ" ಎಂದರು ಡಾಕ್ಟರು. "ಗರ್ಭಕೋಶದ ಒಳಪದರ ದಪ್ಪ ಬೆಳೆಯೋದನ್ನ ಇದು ತಡೆಯುತ್ತೆ. ಪದರ ತೆಳ್ಳಗಾದ್ರೆ ಹೋಗೋ ರಕ್ತವೂ ಕಡಿಮೆ, ನೋವೂ ಕಡಿಮೆ. ಬಿಟ್ಟ ಮೇಲೆ ಮಕ್ಕಳೂ ಆಗ್ತವೆ."

ಆಮೇಲೆ ಲತಳನ್ನು ಒಂದೊಂದಾಗಿ ಕೇಳುತ್ತ ಹೋದರು. ಬಿ.ಪಿ. ನೋಡಿದರು. ಕಣ್ಣ ಮುಂದೆ ಮಿಂಚು ಹೊಡೆದಂತಾಗಿ ತಲೆನೋವು ಬರುತ್ತದೆಯೇ? ಯಾವಾಗಲಾದರೂ ಒಂದೇ ಕಾಲು ಊದಿಕೊಂಡು ನೋವು ಬಂದಿತ್ತೇ? ಕಾಮಾಲೆ ಆಗಿತ್ತೇ? ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಲಕ್ವ ಹೊಡೆದು, ಇಲ್ಲವೇ ಬಾಣಂತಿಯಾಗಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಲತ ಎಲ್ಲದಕ್ಕೂ ಇಲ್ಲ ಎಂದಳು.

"ಮೊದಲೆರಡು ತಿಂಗಳು ವಾಕರಿಕೆ ಬರಬಹುದು, ನಡುವೆ ಸ್ವಲ್ಪ ರಕ್ತ ಕಾಣಿಸಬಹುದು. ಅದಕ್ಕೆ ಹೆದರಬೇಡ. ಒಂದು ಕಾಲು ಊದಿದ್ರೆ, ಎದೆ ಚುಚ್ಚಿದ್ರೆ, ಉಸಿರು ಕಟ್ಟಿದ್ರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗು. ಊದಿದ ಕಾಲನ್ನ ತಿಕ್ಕಿಸ್ಬೇಡ. ಗೊತ್ತಾಯ್ತಾ?"

ಗೊತ್ತಾಯಿತು ಎಂದಳು ಲತ.

ಡಾಕ್ಟರು ಹೇಳಿದಂತೆಯೇ ಆಯಿತು. ಮೊದಲ ಹಾಳೆ ಮುಗಿಯುವವರೆಗೆ ಹಾಲಿನ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಮೂರನೇ ತಿಂಗಳು ಮುಟ್ಟು ನಾಲ್ಕೇ ದಿನಕ್ಕೆ ನಿಂತಿತು. ಲತ ಐದನೇ ದಿನವೂ ಬಟ್ಟೆ ಕಟ್ಟಿಕೊಂಡು ಕಾದಳು, ಏನೂ ಬರಲಿಲ್ಲ. ಆರು ತಿಂಗಳಿಗೆ ರಕ್ತ ಹತ್ತೂವರೆಗೆ ಬಂತು. ಆ ಯುಗಾದಿಗೆ ತಿಳಿ ಹಳದಿ ಸೀರೆ ತೆಗೆದುಕೊಂಡಳು. ಡೈರಿಯ ಹೆಂಗಸರು ಅದನ್ನು ಗಮನಿಸಿದರು, ಮಾತ್ರೆಯ ಸಂಗತಿಯೂ ಹೇಗೋ ಅವರಿಗೆ ತಿಳಿಯಿತು. ಕೆಲವರು ನಕ್ಕರು.

ಲತಳ ಅಣ್ಣ ಲೋಕೇಶ. ಅವನ ಹೆಂಡತಿ ಮಂಗಳಮ್ಮನಿಗೆ ಇಪ್ಪತ್ತೇಳು ವರ್ಷ, ಎರಡು ಹೆಣ್ಣುಮಕ್ಕಳು. ಚಿಕ್ಕದಕ್ಕೆ ಎರಡು ತುಂಬಿತ್ತು. ಗಂಡುಮಗು ಬೇಕೆಂದು ಬೀರಮ್ಮ ದಿನಾ ಹೇಳುತ್ತಿದ್ದಳು. ಲೋಕೇಶ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಬೇಡವೆಂದೂ ಅನ್ನುತ್ತಿರಲಿಲ್ಲ. ಎರಡನೇ ಬಸುರಿನಲ್ಲಿ ಮಂಗಳಮ್ಮ ತುಂಬ ನರಳಿದ್ದಳು. ಇನ್ನೊಂದು ಹೆರುವ ಧೈರ್ಯ ಅವಳಿಗಿರಲಿಲ್ಲ.

ಒಂದು ಮಧ್ಯಾಹ್ನ, ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಾಗ ಅವಳು ಲತಳನ್ನು ಕೇಳಿದಳು. "ನಿನ್ ಮಾತ್ರೇಲಿ ಒಂದು ಆಳೆ ನಂಗೂ ಕೊಡವ್ವ."

"ಡಾಕ್ಟ್ರತ್ರ ಓಗಾಣ ಬಾ ಅತ್ಗೆ. ಅವ್ರು ಕೇಳಿ ಕೊಡ್ತಾರೆ."

"ನಾನು ಪಾಂಡವಪುರಕ್ಕೋದ್ರೆ ಯಾಕ್ ಓದೆ ಅಂತ ನಿಮ್ಮವ್ವ ಕೇಳಕಿಲ್ವಾ? ನರ್ಸಮ್ಮ ಮನೆ ತಾವ ಬಂದ್ರೂ ಅವ್ರೇ ಮುಂದೆ ಬಂದು ನಿಂತ್ಕತಾರೆ. ನೀನು ತಕ್ಕಂಡು ಚೆಂದಾಗೇ ಇದ್ದೀಯಲ್ಲ. ನಂಗೇನಾಗ್ಬುಟ್ಟದು?"

ಲತ ಎರಡು ದಿನ ಒಪ್ಪಲಿಲ್ಲ. ಮೂರನೇ ದಿನ ಕೊಟ್ಟಳು. ಮುಂದಿನ ತಿಂಗಳಿಂದ ಕೆ.ಆರ್. ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ತನ್ನದೇ ಚೀಟಿ ತೋರಿಸಿ ಎರಡೆರಡು ಹಾಳೆ ತಂದಳು. ಮಂಗಳಮ್ಮ ಅದನ್ನು ಒಡೆದ ಹೊಲಿಗೆ ಮಿಷಿನ್ನಿನ ಡ್ರಾದಲ್ಲಿ ಬಚ್ಚಿಟ್ಟಳು. ತಲೆಸುತ್ತೂ ಬರಲಿಲ್ಲ, ವಾಕರಿಕೆಯೂ ಬರಲಿಲ್ಲ. "ನಂಗೆ ನಿನಗಿಂತ ಚೆಂದಾಗಿ ಒಗ್ಗಿತು ನೋಡು" ಎಂದಳು ಒಂದು ಸಲ. ಆ ತಿಂಗಳುಗಳಲ್ಲಿ ಅವಳು ಗಂಡನೊಡನೆ ನಗುತ್ತ ಮಾತಾಡುವುದನ್ನು ಲತ ಕಂಡಳು.

ಮೂರನೇ ಹಾಳೆ ಅರ್ಧ ಮುಗಿದಿತ್ತು. ನಾಟಿಯ ಕಾಲ. ಗದ್ದೆಯಿಂದ ಬಂದ ಮಂಗಳಮ್ಮ ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ ಎಂದಳು. ಬಗ್ಗಿ ಬಗ್ಗಿ ಆಗಿರಬೇಕೆಂದು ಎಲ್ಲರೂ ಅಂದುಕೊಂಡರು. ಎರಡನೇ ದಿನ ಕಾಲು ಊದಿತು; ಸೀರೆಯ ಕೆಳಗೆ ಅದು ಲತಳ ಕಣ್ಣಿಗೆ ಬೀಳಲಿಲ್ಲ. ಮೂರನೇ ದಿನ ಬೀರಮ್ಮ, ಸೂಲಗಿತ್ತಿ ಮಾರಮ್ಮನನ್ನು ಕರೆಸಿದಳು. ಕೈ ಮುರಿದರೂ ಸೊಂಟ ಹಿಡಿದರೂ ಊರಿನವರು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದದ್ದು ಅವಳಿಂದಲೇ.

ಲತ ಬೆಳಗಿನ ಹಾಲು ಲಾರಿಗೆ ಹಾಕಿಸಿ ಮನೆಗೆ ಬಂದಾಗ, ನಡುಮನೆಯಲ್ಲಿ ಮಂಗಳಮ್ಮ ಕಾಲು ಚಾಚಿ ಕೂತಿದ್ದಳು. ಎಡಗಾಲು ತೊಡೆಯವರೆಗೆ ಊದಿ ಹೊಳೆಯುತ್ತಿತ್ತು, ಬಣ್ಣ ಒಂದಿಷ್ಟು ನೀಲಿಗೆ ತಿರುಗಿತ್ತು. ಬಲಗಾಲು ಎಂದಿನಂತೆಯೇ ಇತ್ತು. ಮಾರಮ್ಮ ಬಿಸಿ ಹರಳೆಣ್ಣೆ ಅಂಗೈಗೆ ಹುಯ್ದುಕೊಳ್ಳುತ್ತಿದ್ದಳು.

"ಮುಟ್ಬೇಡ! ತಿಕ್ಬೇಡ ಮಾರಮ್ಮ, ಕೈ ತೆಗಿ" ಎಂದು ಲತ ಕೂಗಿದಳು.

"ಏನಮ್ಮಿ ನಿಂಗೆ? ಓದ್ಸಲ ಬಸ್ರೀಲೂ ಇಂಗೇ ಊದಿತ್ತು. ಎಣ್ಣೆ ಆಕಿ ತಿಕ್ಕುದ್ಮೇಲೆ ತಾನೆ ಇಳ್ದಿದ್ದು?" ಎಂದಳು ಬೀರಮ್ಮ.

ಲತಳಿಗೆ ಆಗಲೇ ಅದು ನೆನಪಾದದ್ದು. ಎರಡನೇ ಬಸುರಿನ ಏಳನೇ ತಿಂಗಳಲ್ಲಿ ಅತ್ತಿಗೆಯ ಇದೇ ಎಡಗಾಲು ಹೀಗೇ ಊದಿತ್ತು. ಎಣ್ಣೆ ಹಚ್ಚಿದವಳು ಲತಳೇ. ಬಸುರಿಯರಿಗೆ ನೀರು ತುಂಬಿಕೊಳ್ಳುವುದು ಸಹಜ ಎಂದು ಎಲ್ಲರೂ ಬಿಟ್ಟಿದ್ದರು. ಮಂಗಳಮ್ಮನ ಅಕ್ಕ ಬಾಣಂತಿತನದ ಹನ್ನೊಂದನೇ ದಿನ, ನೀರು ಕುಡಿಯಲು ಎದ್ದವಳು ಹಾಗೇ ಬಿದ್ದು ಸತ್ತದ್ದೂ ಆ ಮನೆಗೆ ಗೊತ್ತಿದ್ದ ವಿಷಯವೇ. ಡಾಕ್ಟರು ಕೇಳಿದ್ದ ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಲತಳ ಕಣ್ಣೆದುರೇ ಇತ್ತು. ಅವಳು ಆ ಪ್ರಶ್ನೆ ಕೇಳಿರಲಿಲ್ಲ, ಅಷ್ಟೆ.

ಅವಳು ಪುಟ್ಟತಾಯಮ್ಮನ ಮನೆಗೆ ಓಡಿದಳು. ಅವರು ಮರಿಸ್ವಾಮಿಯ ಬಾಡಿಗೆ ಕಾರು ಕರೆಸಿಕೊಟ್ಟರು. ಹಿಂದಿನ ಸೀಟಿನಲ್ಲಿ ಮಂಗಳಮ್ಮ ಮಲಗಿದಳು, ಅವಳ ತಲೆ ಲತಳ ತೊಡೆಯ ಮೇಲೆ. ಮುಂದೆ ಲೋಕೇಶ ಕೂತ. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಮಂಗಳಮ್ಮ, "ಎದೇಲಿ ಚುಚ್ದಂಗಾಯ್ತದೆ ಕಣವ್ವ" ಎಂದಳು. ಲತ ಮರಿಸ್ವಾಮಿಗೆ ಇನ್ನೂ ಜೋರಾಗಿ ಓಡಿಸು ಎಂದಳು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಎರಡೂ ಕಾಲಿಗೆ ಟೇಪು ಹಿಡಿದು ಅಳೆದರು. ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿದರು.

"ಇಲ್ಲ ಸಾ, ಏನೂ ಇಲ್ಲ" ಎಂದ ಲೋಕೇಶ.

ಮಂಗಳಮ್ಮ ಕಣ್ಣು ಮುಚ್ಚಿಕೊಂಡಳು.

"ತಗೋತಿದ್ರು" ಎಂದಳು ಲತ. "ಮಕ್ಕಳಾಗ್ದಂಗೆ ಮಾಡೋ ಮಾತ್ರೆ. ಎರಡೂವರೆ ತಿಂಗಳಾಯ್ತು. ನಾನೇ ತಂದ್ಕೊಟ್ಟಿದ್ದು. ಬಸ್ರಿಯಾಗಿದ್ದಾಗಲೂ ಇದೇ ಕಾಲು ಊದಿತ್ತು. ಇವರಕ್ಕ ಬಾಣಂತೀಲಿ ಸತ್ತೋದ್ರು."

ಡಾಕ್ಟರು ಅಷ್ಟನ್ನೂ ಬರೆದುಕೊಂಡರು. ಲೋಕೇಶ ತಂಗಿಯ ಕಡೆ ತಿರುಗಿ ನೋಡಿದ, ಹೊರಗೆ ಹೋಗಿ ಕಾರಿಡಾರಿನ ಕಂಬಕ್ಕೆ ಒರಗಿದ. ಆಮೇಲೆ ಒಂದೂವರೆ ವರ್ಷ ಅವನು ಅವಳೊಡನೆ ಮಾತಾಡಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು, ಹೇಳಬೇಕಾದ್ದನ್ನೆಲ್ಲ ತಾಯಿಯ ಮೂಲಕ ಹೇಳಿಸುತ್ತಿದ್ದ.

ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದರ ಒಂದು ಚೂರು ಶ್ವಾಸಕೋಶಕ್ಕೂ ಹೋಗಿತ್ತು. ಮಂಗಳಮ್ಮ ಹದಿನಾರು ದಿನ ಆಸ್ಪತ್ರೆಯಲ್ಲಿದ್ದಳು. ಸೂಜಿಯ ಮೇಲೆ ಸೂಜಿ, ಆಮೇಲೆ ರಕ್ತ ತೆಳ್ಳಗಾಗಿಸುವ ಗುಳಿಗೆ. ಅದಕ್ಕಾಗಿ ಆರು ತಿಂಗಳು ಮೈಸೂರಿಗೆ ಓಡಾಟ. ಆ ಜಾತಿಯ ಮಾತ್ರೆಯನ್ನು ಮತ್ತೆ ಯಾವತ್ತೂ ಮುಟ್ಟಬಾರದು, ಇನ್ನೊಂದು ಬಸುರಾದರೂ ಅಪಾಯವೇ, ಗಂಡ ಆಪರೇಷನ್ ಮಾಡಿಸಿಕೊಳ್ಳಲಿ, ಇಲ್ಲವಾದರೆ ಇವಳು ಗರ್ಭಕೋಶದೊಳಗೆ ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಳ್ಳಲಿ ಎಂದು ದೊಡ್ಡ ಡಾಕ್ಟರು ಲೋಕೇಶನನ್ನೂ ಬೀರಮ್ಮನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಲೋಕೇಶ ಆಪರೇಷನ್ನಿಗೆ ಒಪ್ಪಲಿಲ್ಲ. ಗುಳಿಗೆ ಮುಗಿದ ಮೇಲೆ ಮಂಗಳಮ್ಮನೇ ವಂಕಿ ಹಾಕಿಸಿಕೊಂಡಳು. ಬೀರಮ್ಮ ಗಂಡುಮಗುವಿನ ಮಾತು ಮತ್ತೆ ಎತ್ತಲಿಲ್ಲ.

ಲತ ಆಸ್ಪತ್ರೆಯಿಂದ ಬಂದ ದಿನವೇ ತನ್ನ ಮಾತ್ರೆಯನ್ನು ಒಲೆಗೆ ಹಾಕಿದ್ದಳು. ಮೂರು ತಿಂಗಳಲ್ಲಿ ಹಳೆಯ ರಕ್ತಸ್ರಾವ ಮರಳಿ ಬಂತು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ತನಗೆ ಇದು ಆಗಲೇಬೇಕಾದ್ದು ಎಂಬಂತೆ ಅವಳು ಡಾಕ್ಟರ ಹತ್ತಿರ ಹೋಗಲಿಲ್ಲ. ಕಡೆಗೆ ಪುಟ್ಟತಾಯಮ್ಮನೇ ಅವಳನ್ನು ಮತ್ತೆ ಪಾಂಡವಪುರಕ್ಕೆ ಎಳೆದುಕೊಂಡು ಹೋದರು. ಡಾಕ್ಟರು ಎಲ್ಲ ಕೇಳಿಸಿಕೊಂಡರು.

"ನೀನು ಮಾಡಿದ್ದು ತಪ್ಪು" ಎಂದರು. "ಅಲ್ಲ ಅಂತ ನಾನು ಹೇಳೋದಿಲ್ಲ. ಈ ಮಾತ್ರೆ ತಗೊಳ್ಳೋ ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ಜನಕ್ಕೆ ಹೀಗಾಗುತ್ತೆ. ಬಸುರಿನಲ್ಲಿ ಅದಕ್ಕಿಂತ ಜಾಸ್ತಿ ಜನಕ್ಕೆ ಆಗುತ್ತೆ. ಆದರೆ ನಿನ್ನ ಅತ್ತಿಗೆಗೆ ಮೊದಲೇ ಒಂದ್ಸಲ ಆಗಿರಬೇಕು. ಕೇಳಿದ್ದರೆ ಅವಳೇ ಹೇಳ್ತಿದ್ದಳು. ಅದಕ್ಕೇ ನಾವು ಕೇಳೋದು. ಈಗ ನೀನು ರಕ್ತ ಹರಿಸ್ಕೊಂಡು ಕೂತ್ರೆ ಅವಳ ಕಾಲು ಸರಿಹೋಗುತ್ತಾ?"

ಬಿ.ಪಿ. ನೋಡಿ, ಹಳೆಯ ಪ್ರಶ್ನೆಗಳನ್ನೇ ಇನ್ನೊಮ್ಮೆ ಕೇಳಿ, ಚೀಟಿ ಬರೆದುಕೊಟ್ಟರು. ಲತ ಆ ಚೀಟಿಯನ್ನು ಒಂದು ವಾರ ಮಡಿಚಿಟ್ಟುಕೊಂಡಿದ್ದು, ಆಮೇಲೆ ಮಾತ್ರೆ ತಂದಳು.

ಮಂಗಳಮ್ಮನ ಎಡಗಾಲಿನ ಊತ ಪೂರ್ತಿ ಇಳಿಯಲಿಲ್ಲ. ಸಂಜೆಯಾದರೆ ಭಾರ ಎನ್ನುವಳು, ಬಟ್ಟೆಯ ಪಟ್ಟಿ ಸುತ್ತಿಕೊಂಡು ದಿಂಬಿನ ಮೇಲೆ ಇಟ್ಟುಕೊಳ್ಳುವಳು. ನಾಟಿಗೆ ಹೋಗುವುದು ನಿಂತಿತು. ಲತಳ ಮೇಲೆ ಅವಳು ಯಾರ ಮುಂದೆಯೂ ದೂರು ಹೇಳಲಿಲ್ಲ. ಒಮ್ಮೆ ಲತಳೇ ಆ ಮಾತು ಎತ್ತಿದಾಗ, "ಕೇಳ್ದೋಳು ನಾನು ಕಣವ್ವ. ನೀನು ಕೊಡದೆ ಇದ್ರೆ ಇನ್ಯಾರತ್ರನೋ ಇಸ್ಕತಿದ್ದೆ. ನೀನಾಗಿದ್ದಕ್ಕೆ ಡಾಕ್ಟ್ರ ಮುಂದೆ ಬಾಯ್ಬುಟ್ಟೆ" ಎಂದಳು. ಅಷ್ಟು ಹೇಳಿ ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಈ ಸಂಗತಿ ಸುತ್ತಲ ಊರುಗಳಿಗೆ ಹರಡಿತು. ಮಾತ್ರೆ ನುಂಗಿದರೆ ಕಾಲು ಹೋಗುತ್ತದೆ ಎಂದು ಕೆಲವರು ನರ್ಸಮ್ಮ ಕೊಟ್ಟದ್ದನ್ನು ತಿಪ್ಪೆಗೆ ಎಸೆದರು. ಅವರಲ್ಲಿ ಇಬ್ಬರು ಆರು ತಿಂಗಳಲ್ಲಿ ಬೇಡದ ಬಸುರಾದರು. ಲತಳನ್ನು ಕೇಳಲು ಬರುವವರೂ ಇದ್ದರು. ಅವಳು ಯಾರಿಗೂ ಒಂದು ಗುಳಿಗೆಯನ್ನೂ ಕೊಡಲಿಲ್ಲ, ಬೇಡ ಎಂದೂ ಹೆದರಿಸಲಿಲ್ಲ. ಮಧ್ಯಾಹ್ನ ಡೈರಿ ಮುಚ್ಚಿರುವ ಹೊತ್ತಿನಲ್ಲಿ ಅವರ ಜೊತೆ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಿಬರುತ್ತಿದ್ದಳು. ದಾರಿಯಲ್ಲಿ, ನಿಮ್ಮ ತಾಯಿ ಏನಾಗಿ ಸತ್ತರು, ಬಾಣಂತಿಯಾಗಿದ್ದಾಗ ಕಾಲು ಹೇಗಿತ್ತು ಎಂದು ಕೇಳುವಳು. ಕೆಲವರಿಗೆ ಇದು ಅಧಿಕಪ್ರಸಂಗ ಎನಿಸುತ್ತಿತ್ತು.

1998ರಲ್ಲಿ ಅಕ್ಕಿಹೆಬ್ಬಾಳಿನ ಸೋಮಯ್ಯ ಎಂಬುವನು ಅವಳನ್ನು ನೋಡಲು ಬಂದ. ಅವನು ಸೊಸೈಟಿಯ ಗೊಬ್ಬರದ ಗೋಡೌನಿನಲ್ಲಿ ಗುಮಾಸ್ತ, ವಯಸ್ಸು ಮೂವತ್ತೆರಡು. ಹಿರಿಯರು ಒಳಗೆ ಕಾಫಿ ಕುಡಿಯುತ್ತಿದ್ದಾಗ ಲತ ಜಗುಲಿಯ ಮೇಲೆ ನಿಂತು ಮಾತ್ರೆಯ ಸಂಗತಿಯನ್ನೂ ಅತ್ತಿಗೆಯ ಕಾಲಿನ ಸಂಗತಿಯನ್ನೂ ಅವನಿಗೆ ಹೇಳಿದಳು. ಬೇರೆಯವರ ಬಾಯಿಂದ ತಿಳಿಯುವ ಮೊದಲು ತಾನೇ ಹೇಳಿದರೆ ಸರಿ ಎಂದು ಅವಳಿಗೆ ಅನ್ನಿಸಿತ್ತು.

ಸೋಮಯ್ಯ ಸ್ವಲ್ಪ ಯೋಚಿಸಿ ಕೇಳಿದ: "ಮುಂದಕ್ಕೆ ಮಕ್ಕಳಾಯ್ತವಾ?"

"ಬಿಟ್ಮೇಲೆ ಆಯ್ತವೆ ಅಂತ ಡಾಕ್ಟ್ರು ಏಳವ್ರೆ. ಖಂಡಿತ ಅಂತ ನಾನು ಏಳಕಿಲ್ಲ."

ಮದುವೆಯಾಯಿತು. ಅಣ್ಣನಾಗಿ ಮಾಡಬೇಕಾದ್ದನ್ನೆಲ್ಲ ಲೋಕೇಶ ನಿಂತು ಮಾಡಿದ. ಮಾತು ಅಷ್ಟರೊಳಗೆ ಮತ್ತೆ ಶುರುವಾಗಿತ್ತು, ಹೆಚ್ಚೇನಲ್ಲ, ಬೇಕಾದಷ್ಟು. ಲತ ಮಾತ್ರೆ ಬಿಟ್ಟ ಐದನೇ ತಿಂಗಳಿಗೆ ಬಸುರಿಯಾದಳು. ಹೆಣ್ಣುಮಗು ಹುಟ್ಟಿತು. ಅಕ್ಕಿಹೆಬ್ಬಾಳಿನಲ್ಲಿ ಅವಳಿಗೆ ಡೈರಿಯ ಕೆಲಸ ಸಿಗಲಿಲ್ಲ. ಮನೆಯಲ್ಲೇ ಎರಡು ಹಸು ಕಟ್ಟಿಕೊಂಡಳು. ಬಾಣಂತನಕ್ಕೆ ತವರಿನಿಂದ ಯಾರು ಬರಬೇಕೆಂದು ಕೇಳಿದಾಗ ಲತ ತಾಯಿಯ ಹೆಸರು ಹೇಳಲಿಲ್ಲ, ಅತ್ತಿಗೆ ಬರಲಿ ಎಂದಳು. ಮಂಗಳಮ್ಮ ಬಟ್ಟೆಯ ಗಂಟು ಹಿಡಿದು ಬಸ್ಸಿನಲ್ಲಿ ಬಂದಳು, ಮೂರು ತಿಂಗಳು ಇದ್ದಳು. ಮೊದಲ ಎರಡು ವಾರ ದಿನಾ ಬೆಳಿಗ್ಗೆ ಲತಳ ಎರಡೂ ಕಾಲುಗಳನ್ನು ಪಕ್ಕಪಕ್ಕ ಇಡಿಸಿ, ಸಮ ಇವೆಯೋ ಇಲ್ಲವೋ ಎಂದು ನೋಡಿಯೇ ಅವಳಿಗೆ ನೀರು ಹುಯ್ಯುತ್ತಿದ್ದಳು.