ಫೋನ್ ನಂಬರು ಮೇಲಿರಲಿ ಎನ್ನುವ ವೆಬ್ಬಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಬೀಗ ರಿಪೇರಿ ಅಂಗಡಿಯ ಎದುರು, ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ ಹೆಂಗಸೊಬ್ಬರು ಕ್ಯಾಮೆರಾ ಹಿಡಿದು ನಿಂತಿದ್ದಾರೆ. ಅಂಗಡಿಯ ಯಜಮಾನರು ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಬಾಗಿಲಲ್ಲಿ ಕಂಬದ ಹಾಗೆ ಸೆಟೆದಿದ್ದಾರೆ.

"ಅಣ್ಣ, ಪಾಸ್‌ಪೋರ್ಟ್ ಫೋಟೋ ಅಲ್ಲ ಇದು. ಒಳಗೆ ಕೂತು ಕೆಲಸ ಮಾಡಿ. ನನಗೆ ನಿಮ್ಮ ಕೈ ಬೇಕು."

"ಕೈ ಪೂರ್ತಿ ಮಸಿ ಆಗಿದೆಯಲ್ಲಮ್ಮ, ತೊಳ್ಕೊಂಡು ಬರ್ಲಾ?"

"ತೊಳೆದೀರಿ ಮತ್ತೆ! ಬೀಗ ಕೆಟ್ಟು ಮನೆಯಾಚೆ ನಿಂತವರಿಗೆ ಆ ಮಸಿ ಕೈ ನೋಡಿದ್ರೇನೇ ಧೈರ್ಯ ಬರೋದು."

ಯಜಮಾನರು ನಗುತ್ತಾರೆ, ಕೀಲಿ ಉಜ್ಜುವ ಅರ ಕೈಗೆತ್ತಿಕೊಳ್ಳುತ್ತಾರೆ. ಕ್ಯಾಮೆರಾ ಸದ್ದು ಮಾಡುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಅಂಗಡಿಯ ಮುಂದೆ ಬೈಕುಗಳು ಸಾಲುಗಟ್ಟುತ್ತವೆ. ಆಮೇಲೆ ಬೋರ್ಡೂ ಕಾಣುವುದಿಲ್ಲ, ಬಾಗಿಲೂ ಕಾಣುವುದಿಲ್ಲ. ಹಾಗಾಗಿ ಇವರ ಕೆಲಸ ಶುರುವಾಗುವುದೇ ಹೀಗೆ ಬೆಳಕು ಹರಿಯುವ ಹೊತ್ತಿಗೆ.

ಸುತ್ತಮುತ್ತಲ ಬೀದಿಗಳಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ವೆಬ್‌ಸೈಟ್ ಮಾಡಿಕೊಡುವ ಅಕ್ಕ ಎನ್ನುವುದು ಸವೆದು ಸವೆದು 'ವೆಬ್ಬಕ್ಕ' ಆಗಿದೆ. ಹೊಲಿಗೆಯವರು, ಕನ್ನಡಕದವರು, ಹಾಸಿಗೆ ಹೊಲಿಯುವವರು, ಗಡಿಯಾರ ರಿಪೇರಿಯವರು, ಹೀಗೆ ದೊಡ್ಡ ಕಂಪನಿಗಳು ಕಣ್ಣೆತ್ತಿಯೂ ನೋಡದ ಅಂಗಡಿಗಳಿಗೆ ಇವರು ಇಂಟರ್ನೆಟ್ಟಿನಲ್ಲಿ ಒಂದು ಬಾಗಿಲು ಇಟ್ಟುಕೊಡುತ್ತಾರೆ.

ಕ್ಯಾಮೆರಾ ಗಂಡನ ಸ್ಟುಡಿಯೋದ್ದು. ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಗಂಡ ಈಗ ಪಾರ್ಸೆಲ್ ವ್ಯಾನು ಓಡಿಸುತ್ತಾರೆ. ಸ್ಟುಡಿಯೋದ ಕಂಪ್ಯೂಟರು ಮನೆಗೆ ಬಂದು ಮೂಲೆ ಹಿಡಿಯಿತು. ಅದರಲ್ಲೇ ವಿಡಿಯೊ ನೋಡಿ, ತಪ್ಪು ಮಾಡಿ, ಅಳಿಸಿ, ಮತ್ತೆ ಮಾಡಿ ಇವರು ಕೆಲಸ ಕಲಿತರು. "ಆ ಸ್ಟುಡಿಯೋ ಮುಚ್ಚಿದಾಗ ನಾವು ಎಲ್ಲಿಗೆ ಹೋದ್ವಿ ಅಂತ ಕೇಳೋಕೆ ಒಬ್ಬರೂ ಬರಲಿಲ್ಲ. ಅಂಗಡಿ ಅಂದ್ರೆ ಬಾಗಿಲು ಹಾಕಿದ ದಿನವೇ ಜನ ಮರೆತುಬಿಡ್ತಾರೆ. ಅದು ನನ್ನ ಮನಸ್ಸಲ್ಲಿ ಕೂತುಬಿಡ್ತು."

ಇವರ ಕೆಲಸದ ಕೋಣೆ ಎಂದರೆ ಅಡುಗೆಮನೆಗೂ ಹಜಾರಕ್ಕೂ ನಡುವಿನ ಇಕ್ಕಟ್ಟು ಜಾಗ. ಒಂದು ಕಡೆ ಕಂಪ್ಯೂಟರು, ಇನ್ನೊಂದು ಕಡೆ ಅತ್ತೆಯ ಮಂಚ. ಅತ್ತೆಗೆ ಒಂದು ಕಣ್ಣು ಮಂಜು, ಸಹನೆ ಕಡಿಮೆ, ಕೈಯಲ್ಲಿರುವುದು ಗಾಜು ಬಿರುಕು ಬಿಟ್ಟ ಹಳೇ ಫೋನು. ಸೊಸೆ ಮಾಡಿದ ಪ್ರತಿ ಸೈಟೂ ಮೊದಲು ಈ ಫೋನಿನಲ್ಲಿ ಪಾಸಾಗಬೇಕು. ಪುಟ ತಕ್ಷಣ ತೆರೆದುಕೊಳ್ಳಬೇಕು. ಅಂಗಡಿ ಏನು ಮಾಡುತ್ತದೆ, ಎಲ್ಲಿದೆ, ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತದೆ ಎನ್ನುವುದು ಹುಡುಕದೆ ಸಿಗಬೇಕು. ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ರಾಚುವಷ್ಟು ದೊಡ್ಡದಾಗಿ ಫೋನ್ ನಂಬರು.

"ಒಂದ್ಸಲ ಹೂವಿನ ಅಂಗಡಿಗೆ ಅಂತ ಪುಟದ ತುಂಬಾ ಹೂವು ಸುರಿದಿದ್ದೆ. ನೋಡೋಕೆ ಏನು ಚೆಂದ! ಅತ್ತೆ ನೋಡಿ, 'ಹೂವೆಲ್ಲ ಸರಿ ಕಣೇ, ಕೊಳ್ಳೋದಾದ್ರೆ ಯಾರನ್ನ ಕೇಳ್ಲಿ, ದುಂಬೀನಾ?' ಅಂದುಬಿಟ್ರು. ಅವತ್ತೇ ಎಲ್ಲ ಕಿತ್ತು ಹಾಕಿದೆ," ಎಂದು ವೆಬ್ಬಕ್ಕ ನಗುತ್ತಾರೆ. ಮಂಚದಿಂದ ದನಿ ಬರುತ್ತದೆ: "ನಾನು ಹೇಳಿದ್ದು ಸುಳ್ಳಾ?"

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ನಾವು ಪತ್ರಿಕೆಯವರು ಕೈತೊಳೆದುಕೊಳ್ಳುತ್ತೇವೆ. ಎಲೆಯೇನೋ ತಾನಾಗಿ ಬೆಳೆದು ಅಡ್ಡ ಬಂದಿತೆಂಬಂತೆ. ವೆಬ್ಬಕ್ಕನ ವಿಷಯದಲ್ಲಿ ಎಲೆಯನ್ನು ಎಲ್ಲಿಂದಲೋ ಕಿತ್ತು ತಂದು ಮುಚ್ಚಿದವರಿದ್ದಾರೆ. ಆ ಕಥೆ ಹೇಳುವಾಗ ಅವರ ನಗು ನಿಲ್ಲುತ್ತದೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗಾಲಿಕುರ್ಚಿ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಗಾಲಿ ಬಾಗಿದರೆ, ಬ್ರೇಕು ಹಿಡಿಯದಿದ್ದರೆ, ಸೀಟು ಹರಿದರೆ, ಎಲ್ಲಕ್ಕೂ ಅವರೇ. ಕುರ್ಚಿ ಮಾರುವ ಅಂಗಡಿಗಳು ಬೇಕಾದಷ್ಟಿವೆ, ರಿಪೇರಿ ಮಾಡುವವರು ಸಿಗುವುದಿಲ್ಲ. ವೆಬ್ಬಕ್ಕ ಅವರಿಗೊಂದು ಸೈಟು ಮಾಡಿಕೊಟ್ಟರು. ಒಂದೇ ಪುಟ. ಗಾಲಿ ತಿರುಗಿಸುತ್ತಿರುವ ಎರಡು ಕೈಗಳ ಚಿತ್ರ, ಮೇಲೆ ನಂಬರು, ಕೆಳಗೆ 'ಓಣಿಯಲ್ಲಿ ಮೆಟ್ಟಿಲಿಲ್ಲ, ಕುರ್ಚಿ ನೇರ ಒಳಗೆ ಬರುತ್ತದೆ' ಎಂಬ ಸಾಲು. ಆ ಸಾಲು ನೋಡಿಯೇ ಜನ ದೂರದೂರುಗಳಿಂದ ಬಂದರು. ಹಿರಿಯರು ಊಟಕ್ಕೆ ಏಳುವುದೂ ಕಷ್ಟವಾಯಿತು. "ನೀನು ನನ್ನ ಸಾಯೋಕೂ ಬಿಡಲ್ಲ ಕಣಮ್ಮ," ಎಂದು ತಮಾಷೆ ಮಾಡುತ್ತಿದ್ದರಂತೆ.

ಸೈಟಿನ ವಿಳಾಸ ನೋಂದಾಯಿಸಿದ್ದು ಅವರ ಅಳಿಯನ ಹೆಸರಿನಲ್ಲಿ. "ಮಾವನಿಗೆ ಇದೆಲ್ಲ ತಿಳಿಯಲ್ಲ, ನಾನು ನೋಡ್ಕೋತೀನಿ," ಎಂದು ಅವರೇ ಮುಂದೆ ಬಂದಿದ್ದರು. ಅಳಿಯನ ಆಫೀಸಿನಲ್ಲಿ ಯಾರೋ ಆ ಪುಟ ನೋಡಿ, ಇದು ನಿಮ್ಮ ಮಾವನ ಕೈಯಾ ಎಂದು ಕೇಳಿದರಂತೆ. ಅಳಿಯನಿಗೆ ಅವಮಾನವಾಯಿತು. ಒಂದು ಕಂಪನಿ ಹಿಡಿದು ಸೈಟನ್ನು ಬುಡಸಮೇತ ಬದಲಾಯಿಸಿದರು. ಕೈಗಳು ಹೋಗಿ, ಕಡಲತೀರದಲ್ಲಿ ಹೊಳೆಯುವ ಕುರ್ಚಿಯಲ್ಲಿ ಕೂತು ನಗುವ ಯಾವುದೋ ರೂಪದರ್ಶಿ ಬಂದಳು. ಮೆಟ್ಟಿಲಿಲ್ಲ ಎಂಬ ಸಾಲು ಹೋಯಿತು. ನಂಬರೂ ಹೋಯಿತು. ಅದರ ಬದಲು 'ನಮ್ಮನ್ನು ಸಂಪರ್ಕಿಸಿ' ಎಂಬ ಗುಂಡಿ. ಒತ್ತಿದರೆ ತುಂಬಲು ಒಂದಿಷ್ಟು ಖಾನೆಗಳು. ತುಂಬಿದ್ದು ಹೋಗಿ ಬೀಳುತ್ತಿದ್ದುದು ಕಂಪನಿಯ ಯಾವುದೋ ಇಮೇಲ್ ಪೆಟ್ಟಿಗೆಗೆ. ಅದನ್ನು ಯಾರೂ ತೆರೆಯುತ್ತಿರಲಿಲ್ಲ.

ವೆಬ್ಬಕ್ಕನಿಗೆ ಇದು ಗೊತ್ತಾದದ್ದು ಒಬ್ಬ ತಾಯಿ ಫೋನ್ ಮಾಡಿದಾಗ. ಆಕೆಯ ಮಗಳ ಕುರ್ಚಿಯ ಫೋಟೋ ಹಿಂದೊಮ್ಮೆ ಇವರೇ ತೆಗೆದಿದ್ದರು. ತಾಯಿ ಹಿಂಜರಿಯುತ್ತ ಕೇಳಿದರು: "ಅಕ್ಕ, ಆ ರಿಪೇರಿ ತಾತ ತೀರಿಕೊಂಡ್ರಾ? ಫೋನ್ ಕಳೆದುಹೋಗಿ ಅವರ ನಂಬರು ಇಲ್ಲ, ನಿಮ್ಮದು ಅವರಿವರನ್ನ ಕೇಳಿ ಸಿಕ್ತು. ಸೈಟಲ್ಲಿ ಬರೆದೂ ಬರೆದೂ ಸಾಕಾಯ್ತು. ಕುರ್ಚಿ ಕೆಟ್ಟಾಗಿನಿಂದ ಮಗಳು ಹಾಸಿಗೆ ಬಿಟ್ಟು ಎದ್ದಿಲ್ಲ."

ವೆಬ್ಬಕ್ಕ ಓಣಿಗೆ ಓಡಿದರು. ತಾತ ಇದ್ದರು. ಎದುರಿಗೆ ಒಂದು ಕುರ್ಚಿಯೂ ಇಲ್ಲದೆ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತ ಕೂತಿದ್ದರು.

"ಕೈ ಕೆಟ್ಟಿತು ಅನ್ಸುತ್ತಮ್ಮ. ಜನ ಬಿಟ್ಟುಬಿಟ್ರು," ಎಂದರಂತೆ. "ಜನ ಬಿಟ್ಟಿಲ್ಲ ತಾತ, ನಿಮ್ಮನ್ನ ಬಚ್ಚಿಟ್ಟಿದ್ದಾರೆ," ಎಂದು ಇವರು ಎಲ್ಲ ಬಿಡಿಸಿ ಹೇಳಿದರು. ತಾತ ಸ್ಪ್ಯಾನರು ಪಕ್ಕಕ್ಕಿಟ್ಟರು. "ಅಳಿಯಂದಿರ ಹತ್ರ ಜಗಳ ಆಡಬೇಡ. ನನ್ನ ಮಗಳು ಬಾಳಬೇಕಲ್ಲ ಅಲ್ಲಿ," ಎಂದರು.

ವೆಬ್ಬಕ್ಕ ಜಗಳ ಆಡಲಿಲ್ಲ, ಬೇಡಿಕೊಂಡರು. ನಂಬರೊಂದನ್ನಾದರೂ ಹಾಕಿಸಿ ಎಂದು ಅಳಿಯನ ಮನೆಗೆ ಹೋಗಿ ಕೇಳಿದರು. ಆತ ಬಾಗಿಲಲ್ಲೇ ನಿಲ್ಲಿಸಿ ಉತ್ತರ ಕೊಟ್ಟರು: "ನೀವು ಮಾಡಿದ್ದು ಸ್ಕೂಲ್ ಮಕ್ಕಳ ಚಾರ್ಟ್ ಥರ ಇತ್ತು. ಈಗ ಪ್ರೊಫೆಷನಲ್ ಆಗಿದೆ. ನಿಮಗೆ ಹೊಟ್ಟೆಕಿಚ್ಚು."

ಮುಂದಿನ ಬಾಡಿಗೆ ಕಟ್ಟುವ ಹೊತ್ತಿಗೆ ತಾತನ ಛಲವೂ ಬತ್ತಿತ್ತು. ಅಂಗಡಿ ಬಿಟ್ಟುಕೊಟ್ಟರು. ಅಲ್ಲೀಗ ಫೋನಿನ ಕವರು ಮಾರುತ್ತಾರೆ. ತಾತ ಮಗಳ ಮನೆಯಲ್ಲಿದ್ದಾರೆ. ಮನೆಯಲ್ಲೇ ಕೂತು ರಿಪೇರಿ ಮಾಡಿ, ಹೊಸ ಸೈಟು ಮಾಡಿಕೊಡುತ್ತೇನೆ ಎಂದು ವೆಬ್ಬಕ್ಕ ಹೇಳಿದರೆ, "ಎರಡನೇ ಮಹಡಿಗೆ ಗಾಲಿಕುರ್ಚಿ ಹೇಗಮ್ಮ ಹತ್ತುತ್ತೆ?" ಎಂದು ಕೇಳಿದರಂತೆ.

ಈಗ ಅವರು ಹಟ ಹಿಡಿದು ಒಂದು ನಿಯಮ ಪಾಲಿಸುತ್ತಾರೆ. ಕೆಲಸ ಮಾಡುವ ಕೈ ಯಾರದೋ, ಸೈಟಿನ ವಿಳಾಸ ಅವರ ಹೆಸರಿನಲ್ಲೇ ಇರಬೇಕು. ಪಾಸ್‌ವರ್ಡ್ ಮಗನಿಗೂ ಇಲ್ಲ, ಅಳಿಯನಿಗೂ ಇಲ್ಲ. ಇದರಿಂದ ಕೆಲವು ಮನೆಗಳಲ್ಲಿ ಇವರನ್ನು ಕಂಡರೆ ಮುಖ ಸಿಂಡರಿಸುತ್ತಾರೆ. ಬೇಕರಿಯವರ ಮಗನೊಬ್ಬ ಹಾದಿಬೀದಿಯಲ್ಲಿ ಬೈದುಕೊಂಡು ತಿರುಗಿದ್ದಾನೆ. "ಬೈಲಿ ಬಿಡಿ, ನನ್ನ ಗಂಟೇನು ಹೋಗುತ್ತೆ?" ಎನ್ನುತ್ತಾರೆ. ಆದರೆ ಹಾಗೆನ್ನುವಾಗ ಮುಖ ಆ ಕಡೆ ತಿರುಗಿಸುತ್ತಾರೆ.

ತಾತನ ಅಂಗಡಿ ಮುಚ್ಚಿದೆ, ಸೈಟು ಮಾತ್ರ ತೆರೆದೇ ಇದೆ. ಕಂಪನಿಯ 'ನಮ್ಮ ಹೆಮ್ಮೆಯ ಕೆಲಸಗಳು' ಪಟ್ಟಿಯಲ್ಲಿ ಕಡಲತೀರದ ರೂಪದರ್ಶಿ ಇವತ್ತಿಗೂ ನಗುತ್ತಿದ್ದಾಳೆ. ಕೆಳಗೆ ಓಣಿಯ ವಿಳಾಸ ಹಾಗೇ ಇದೆ.

ನಿಮಗೇನಾದರೂ ಆಸೆ ಇದೆಯೇ ಎಂದು ಹೊರಡುವ ಮುನ್ನ ಕೇಳುತ್ತೇನೆ. ಹೆಸರು, ಸನ್ಮಾನ ಎಂದೇನಾದರೂ ಹೇಳಬಹುದೆಂದು ನನ್ನ ಎಣಿಕೆ. ವೆಬ್ಬಕ್ಕ ಕ್ಯಾಮೆರಾದ ಮುಚ್ಚಳ ಹಾಕುತ್ತಾರೆ.

"ಮೊನ್ನೆ ಒಬ್ಬಾಕೆ ಅಮ್ಮನ್ನ ಕುರ್ಚೀಲಿ ತಳ್ಕೊಂಡು, ಎರಡು ಬಸ್ಸು ಬದಲಾಯಿಸಿ ತಾತನ ಓಣಿಗೆ ಬಂದಿದ್ರಂತೆ. ಕವರ್ ಅಂಗಡಿಯವನು ಹೇಳ್ದ. ಆ ಸೈಟಿನ ಕೀಲಿ ಒಂದೇ ಒಂದು ನಿಮಿಷ ನನ್ನ ಕೈಗೆ ಕೊಡಲಿ. ಬೇರೇನೂ ಮುಟ್ಟಲ್ಲ, ಆ ಕಡಲತೀರದವಳು ನಗ್ತಾನೇ ಇರಲಿ. ಮೇಲುಗಡೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಹಾಕ್ತೀನಿ: ಅಂಗಡಿ ಈಗ ಇಲ್ಲ, ದಯವಿಟ್ಟು ಅಷ್ಟು ದೂರದಿಂದ ಬರಬೇಡಿ."